ಹಲ್ಲುಸೆಟ್ಟಿನ ಡಬ್ಬಿಯಲ್ಲಿ ಚಿಕ್ಕಮ್ಮನ ಸಂಸಾರ

ನಮ್ಮ ಚಿಕ್ಕಮ್ಮನ ಕೈಗೆ ಜೀವ ಇರುವ ಯಾವುದನ್ನೂ ಕೊಡಬಾರದು ಎಂಬುದು ಮನೆಯಲ್ಲಿ ಯಾರೂ ಕೂತು ಮಾಡಿದ ಕಾನೂನಲ್ಲ, ಅನುಭವದಿಂದ ತಾನಾಗಿ ಬಂದದ್ದು. ಯಾರೋ ಕೊಟ್ಟ ಕಳ್ಳಿಗಿಡ ಅವಳ ಕೈಯಲ್ಲಿ ಕೊಳೆತು ಹೋಯಿತು. ಮರಳುಗಾಡಿನಲ್ಲಿ ಯಾರ ಹಂಗೂ ಇಲ್ಲದೆ ಬದುಕುವ ಗಿಡಕ್ಕೆ ಇವಳು, ಪಾಪ ಬಾಯಾರಿರಬಹುದು ಎಂದು ದಿನಕ್ಕೆರಡು ಸಲ ನೀರು ಹಾಕಿದ್ದಳು. ಪಕ್ಕದ ಮನೆಯವರು ಊರಿಗೆ ಹೋಗುವಾಗ ಬಿಟ್ಟುಹೋದ ಗಿಣಿ, ಗಾಳಿಯಾಡಲಿ ಎಂದು ಇವಳೇ ತೆರೆದಿಟ್ಟ ಕಿಟಕಿಯಿಂದ ಹೊರಟುಹೋಯಿತು. ಕೊನೆಗೆ ಒಂದು ಆಮೆಯನ್ನೂ ಕಳೆದುಕೊಂಡಳು. ಆಮೆ ಕಳೆದುಹೋಗುವುದು ಹೇಗೆ ಎಂದು ನನ್ನ ಗಂಡ ಮದುವೆಯಾದ ಹೊಸದರಲ್ಲಿ ಕೇಳಿದ್ದರು. ಫೋನ್ ಬಂತು, ಎತ್ತಿಕೊಳ್ಳೋಕೆ ಒಳಗೆ ಹೋದೆ ಎಂದು ಚಿಕ್ಕಮ್ಮ ಬಹಳ ಗಂಭೀರವಾಗಿ ಉತ್ತರ ಕೊಟ್ಟಳು. ಎಷ್ಟು ಹೊತ್ತಿನ ಫೋನು ಎಂದು ಅವರು ಕೇಳಲಿಲ್ಲ. ಹೊಸ ಅಳಿಯ, ಮರ್ಯಾದೆ ನೋಡಬೇಕಲ್ಲ.

ಅವಳಿಗೆ ಪ್ರೀತಿ ಕಮ್ಮಿ ಎಂದುಕೊಳ್ಳಬೇಡಿ. ಪ್ರೀತಿ ಉಕ್ಕಿ ಹರಿದೇ ಈ ಅನಾಹುತಗಳೆಲ್ಲ ಆದದ್ದು. ಮಿಕ್ಕ ವಿಷಯದಲ್ಲಿ ಅವಳು ಗಟ್ಟಿಗಿತ್ತಿ. ಮಧ್ಯಾಹ್ನದಿಂದ ಸಂಜೆಯ ತನಕ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂರುತ್ತಿದ್ದಳು. ಚೀಟಿ ಬರೆಯುವುದು, ಸರದಿ ಕೂಗುವುದು, ಹೆದರಿ ಬಂದವರಿಗೆ ಧೈರ್ಯ ಹೇಳುವುದು ಅವಳ ಕೆಲಸ. ಧೈರ್ಯ ಎಷ್ಟು ವಿಸ್ತಾರವಾಗಿ ಹೇಳುತ್ತಿದ್ದಳೆಂದರೆ, ಇವಳ ಮಾತು ಕೇಳುವುದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದೇ ವಾಸಿ ಎಂದು ಜನ ತಾವಾಗಿ ಎದ್ದು ಒಳಗೆ ಹೋಗುತ್ತಿದ್ದರು. ಡಾಕ್ಟರಿಗೆ ಇದರಿಂದ ಬಹಳ ಅನುಕೂಲವಾಗಿತ್ತು.

ಮನೆಯ ಕೆಳಗಿನ ಭಾಗದಲ್ಲಿ ಅಮ್ಮ, ಅಮ್ಮನ ತಂಗಿ ಈ ಚಿಕ್ಕಮ್ಮ, ಅವರಿಬ್ಬರ ಅಪ್ಪ ಅಂದರೆ ನಮ್ಮ ಅಜ್ಜ. ಮಹಡಿಯ ಮೇಲೆ ನಾನು, ನನ್ನ ಗಂಡ. ಅಮ್ಮ ಆಸ್ಪತ್ರೆಯಲ್ಲಿ ಹಸುಗೂಸುಗಳ ವಾರ್ಡಿನ ನರ್ಸು. ಎಷ್ಟು ಸಾವಿರ ಮಕ್ಕಳನ್ನು ತೊಳೆದು, ಒರೆಸಿ, ಸುತ್ತಿ ಸಾಲಾಗಿ ಮಲಗಿಸಿದ್ದಾಳೋ ಲೆಕ್ಕವಿಲ್ಲ. ಮಕ್ಕಳ ವಿಷಯದಲ್ಲಿ ಅವಳು ಹೇಳಿದ ಮೇಲೆ ಮುಗಿಯಿತು, ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ನಾನು ಮಗುವಾಗಿದ್ದಾಗ ಚಿಕ್ಕಮ್ಮನಿಗೆ ನನ್ನನ್ನು ಎತ್ತಿ ಆಡಿಸುವ ಆಸೆ ಬಹಳವಿತ್ತಂತೆ. ಕುರ್ಚಿಯ ಮೇಲೆ ಕೂತು, ತೊಡೆಯ ಮೇಲೆ ದಿಂಬು ಇಟ್ಟುಕೊಂಡು, ದಿಂಬಿನ ಮೇಲೆ ಮಾತ್ರ ನನ್ನನ್ನು ಹಿಡಿಯಲು ಅಮ್ಮ ಅಪ್ಪಣೆ ಕೊಟ್ಟಿದ್ದಳು. ಅದೂ ತಾನು ಎದುರು ನಿಂತಿರುವಾಗ.

ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಬೆಳಗಿನ ಪಾಳಿ. ಬಸ್ಸು ಇನ್ನೂ ಬಂದಿಲ್ಲ ಎಂಬ ಒಂದೇ ಮಾತನ್ನು ಊರಿಗೆಲ್ಲ ಹೇಳುವುದು ನನ್ನ ಹೊಟ್ಟೆಪಾಡು, ಆದ್ದರಿಂದ ನನ್ನ ಸಿಟ್ಟಿನ ಬಗ್ಗೆ ಮನೆಯಲ್ಲಿ ಯಾರೂ ತಕರಾರು ಎತ್ತುವುದಿಲ್ಲ. ನಾನು ಬಸುರಿಯಾದಾಗ, ಹೆರಿಗೆ ರಜೆ ಮುಗಿದ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಮೊದಲ ದಿನವೇ ಎದ್ದಿತು. ಅಮ್ಮನಿಗೆ ಡ್ಯೂಟಿ. ನಮ್ಮ ಬೀದಿಯ ಕೊನೆಯಲ್ಲೊಂದು ಶಿಶುವಿಹಾರವಿತ್ತು, ಅಲ್ಲಿಗೆ ಬಿಡೋಣ ಎಂದು ಅಮ್ಮ ತೀರ್ಮಾನ ಕೊಟ್ಟಳು. ನಾನು ಹೋಗಿ ನೋಡಿ ಬಂದೆ. ಫಿನಾಯಿಲ್ ವಾಸನೆ, ಗೋಡೆಯುದ್ದಕ್ಕೂ ಮಕ್ಕಳನ್ನು ಕಕ್ಕಸಿಗೆ ಕೂರಿಸುವ ಬಣ್ಣಬಣ್ಣದ ಪಾಟಿ, ಪಾಟಿಯ ಮೇಲೆ ಒಂದೇ ಸಮಯಕ್ಕೆ ಕೂರಿಸಿದ ಮಕ್ಕಳು. ಮನೆಗೆ ಬಂದು ಅತ್ತುಬಿಟ್ಟೆ.

ಆಗ ಚಿಕ್ಕಮ್ಮ, ಇಷ್ಟು ದಿನ ಕಾದು ಕೂತಿದ್ದವಳಂತೆ, ಬೆಳಗ್ಗೆ ಹೊತ್ತು ತಾನು ಮನೆಯಲ್ಲೇ ಇರುತ್ತೇನಲ್ಲ, ಮಗುವನ್ನು ತನಗೆ ಬಿಡಿ ಎಂದಳು. ಅಜ್ಜ ಓದುತ್ತಿದ್ದ ಪತ್ರಿಕೆ ಕೆಳಗಿಟ್ಟರು. ನನ್ನ ಗಂಡ ಚಾವಣಿ ನೋಡಿದರು, ಬಹುಶಃ ಆಮೆಯನ್ನು ನೆನೆದು. ಅಮ್ಮ ಮಾತ್ರ ತರಕಾರಿ ಹೆಚ್ಚುತ್ತಾ ತಲೆಯೆತ್ತದೆ ಹೇಳಿದಳು.

"ಮೊದಲು ಯಾವುದಾದ್ರೂ ಒಂದು ಜೀವ ಸಾಕಿ ದೊಡ್ಡದು ಮಾಡಿ ತೋರ್ಸು. ಯಾವುದಾದ್ರೂ ಸರಿ. ಆಮೇಲೆ ಮಗು ಮಾತು."

ಚಿಕ್ಕಮ್ಮನ ಮುಖ ಸಪ್ಪಗಾಯಿತು. ಅವಳಿಗೆ ಆ ಮಗು ಬೇಕಿತ್ತು. ಹುಟ್ಟದೇ ಇದ್ದ ಮಗುವಿಗೆ ಅವಳು ಆಗಲೇ ಮೂರು ಟೋಪಿ ಹೆಣೆದು ಮುಗಿಸಿದ್ದಳು, ಮೂರೂ ನನ್ನ ತಲೆಗೆ ಸರಿಯಾಗುವಷ್ಟು ದೊಡ್ಡವು. ನನಗೂ ಒಳಗೊಳಗೇ ಅವಳ ಹತ್ತಿರ ಬಿಡುವ ಆಸೆ. ಆದರೆ ಭಯವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಕಾಯುವವರ ಬೆಂಚಿನ ಎದುರು, ಒಂದು ಗಾಜಿನ ತೊಟ್ಟಿ ಇತ್ತು. ಅದರಲ್ಲಿದ್ದ ಮೀನುಗಳು ಒಂದೊಂದಾಗಿ ಸತ್ತ ಮೇಲೆ ಮೀನಿನ ಅಂಗಡಿಯವನು, ಇವು ಸಾಯೋ ಜಾತಿಯಲ್ಲ ಎಂದು ಒಂದು ಜೋಡಿ ನ್ಯೂಟ್ ತಂದು ಬಿಟ್ಟಿದ್ದ. ನ್ಯೂಟ್ ಅಂದರೆ ಹಲ್ಲಿಯ ಆಕಾರ, ಕಪ್ಪೆಯ ಚರ್ಮ, ಮೀನಿನ ಬಾಲ, ಬೆನ್ನು ಕಪ್ಪು, ಹೊಟ್ಟೆ ಮಾತ್ರ ಕೆಂಡದ ಬಣ್ಣ. ದೇವರು ಮಿಕ್ಕ ಸಾಮಾನೆಲ್ಲ ಒಟ್ಟು ಹಾಕಿ ಮಾಡಿದ ಪ್ರಾಣಿ. ಕೆನ್ನೆ ಊದಿಸಿಕೊಂಡು ಕೂತ ರೋಗಿಗಳು ಅದನ್ನು ನೋಡುತ್ತಾ ತಮ್ಮ ಕಷ್ಟ ಮರೆಯುತ್ತಿದ್ದರು. ಒಂದು ದಿನ ಹೆಣ್ಣು ನ್ಯೂಟು ನೀರುಗಿಡದ ಎಲೆಯೊಂದನ್ನು ಹಿಂಗಾಲಿನಲ್ಲಿ ಮಡಚಿ, ನಡುವೆ ಒಂದು ಮೊಟ್ಟೆ ಇಟ್ಟು, ಲಕೋಟೆ ಅಂಟಿಸುವ ಹಾಗೆ ಅಂಟಿಸುವುದನ್ನು ಚಿಕ್ಕಮ್ಮ ಕಂಡಳು. ತೊಟ್ಟಿಯಲ್ಲೇ ಬಿಟ್ಟರೆ ಹೆತ್ತವರೇ ತಿಂದುಬಿಡುತ್ತಾರೆ, ಹೇಗೂ ನಾಳೆ ತೊಟ್ಟಿ ತೊಳೆಯುವವನು ಗಿಡವನ್ನೆಲ್ಲ ಕಿತ್ತೆಸೆಯುತ್ತಾನೆ ಎಂದರು ಡಾಕ್ಟರು. ಚಿಕ್ಕಮ್ಮ ಆ ಎಲೆಗಳನ್ನು, ವಯಸ್ಸಾದವರಿಗೆ ಹಲ್ಲುಸೆಟ್ಟು ಇಟ್ಟುಕೊಳ್ಳಲು ಕ್ಲಿನಿಕ್ಕಿನವರು ಕೊಡುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಮನೆಗೆ ತಂದಳು.

ಯಾವುದಾದ್ರೂ ಸರಿ ಅಂದಿದ್ದೀಯ, ಇದೇ ನನ್ನ ಜೀವ ಎಂದು ಡಬ್ಬಿಯನ್ನು ಅಮ್ಮನ ಮುಂದಿಟ್ಟಳು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ದೊಡ್ಡದಾಗುವುದು ಅಂದರೆ ಇದಕ್ಕೆ ಯಾವುದು ಲೆಕ್ಕ ಎಂದು ಕೇಳಿದಳು. ಚಿಕ್ಕಮ್ಮ ಅಂಗಡಿಯವನಿಗೆ ಫೋನ್ ಮಾಡಿ ಎಲ್ಲ ತಿಳಿದುಕೊಂಡಿದ್ದಳು. ಮರಿ ನೀರಿನಲ್ಲಿ ಹುಟ್ಟುತ್ತೆ, ಕುತ್ತಿಗೆಯ ಎರಡು ಪಕ್ಕ ಗರಿಯಂಥ ಕಿವಿರು ಇರುತ್ತೆ. ದೊಡ್ಡದಾದ ಹಾಗೆ ಕಿವಿರು ಮುದುಡಿ ಹೋಗಿ ಶ್ವಾಸಕೋಶ ಬಂದು, ನೆಲಕ್ಕೆ ಹತ್ತುತ್ತೆ. ಹತ್ತಿತು ಅಂದರೆ ದೊಡ್ಡದಾಯಿತು. ಆದರೆ ಕಿವಿರು ಮುದುಡುವ ಹೊತ್ತಿಗೆ ಹತ್ತಲು ನೆಲ ಸಿಗದಿದ್ದರೆ ಮುಳುಗಿ ಸಾಯುತ್ತೆ. ಅಮ್ಮ ಮೂಗು ಮುರಿದಳು. ಹುಟ್ಟಿದ ನೀರಲ್ಲೇ ಯಾರಾದ್ರೂ ಮುಳುಗ್ತಾರಾ ಎಂದು ಹೇಳಿ, ಆದರೂ ಒಪ್ಪಿಕೊಂಡಳು. ಒಂದೇ ಒಂದು ಮರಿ ನೆಲ ಹತ್ತಿದರೂ ಸಾಕು, ಮಗು ನಿನ್ನದು ಎಂದು ನಮ್ಮೆಲ್ಲರ ಎದುರು ಮಾತಾಯಿತು.

ಮೊಟ್ಟೆಗಳಲ್ಲಿ ಅರ್ಧಕ್ಕೆ ಬೂಷ್ಟು ಬಂತು. ಮಿಕ್ಕಿದ್ದು ಒಡೆದು, ಕಣ್ಣು ಮಾತ್ರ ಇರುವ ದಾರದ ಚೂರುಗಳಂಥ ಮರಿಗಳು ಹೊರಬಂದವು. ಚಿಕ್ಕಮ್ಮ ಮೇಜಿನ ಮೇಲೆ ಗಲ್ಲ ಊರಿ, ಕಣ್ಣಲ್ಲಿ ಕಣ್ಣಿಟ್ಟು ಕೂತಳು. ಆಮೇಲೆ ಗೊತ್ತಾಯಿತು, ಈ ಮರಿಗಳಿಗೆ ಅಲುಗಾಡುವುದೆಲ್ಲ ಊಟ. ತಮ್ಮನ ಕಾಲು ಅಲುಗಾಡಿದರೆ ಅದೂ ಊಟವೇ. ಒಂದು ಬೆಳಗ್ಗೆ ನೋಡಿದರೆ ಅರ್ಧ ಸಂಸಾರಕ್ಕೆ ಕಾಲಿಲ್ಲ. ಹೋದ ಕಾಲು ಮತ್ತೆ ಬರುತ್ತೆ, ಆದರೆ ಬೇರೆ ಬೇರೆ ಇಡಿ ಎಂದ ಅಂಗಡಿಯವನು. ಚಿಕ್ಕಮ್ಮ ಕ್ಲಿನಿಕ್ಕಿನಿಂದ ಚೀಲದ ತುಂಬ ಹಲ್ಲುಸೆಟ್ಟಿನ ಡಬ್ಬಿ ಹೊತ್ತು ತಂದು, ಡಬ್ಬಿಗೊಂದರಂತೆ ಮರಿ ಬಿಟ್ಟು, ನಡುಮನೆಯ ಕಪಾಟು, ಕಿಟಕಿ, ಟಿವಿಯ ತಲೆ, ಎಲ್ಲ ಕಡೆ ಸಾಲಾಗಿ ಇಟ್ಟಳು. ಒಳಗೆ ಕಾಲಿಟ್ಟವರಿಗೆ ಇದು ಬೊಚ್ಚುಬಾಯಿಯವರ ಹಾಸ್ಟೆಲ್ಲೋ ಏನೋ ಎನಿಸುತ್ತಿತ್ತು.

ಇದರಲ್ಲಿ ಮೊದಲು ಪೆಟ್ಟು ತಿಂದವರು ಅಜ್ಜ. ಅಜ್ಜನ ಹಲ್ಲುಸೆಟ್ಟಿಗೂ ಅದೇ ಡಾಕ್ಟರು, ಅದೇ ಬಣ್ಣದ ಡಬ್ಬಿ. ಒಂದು ಬೆಳಗ್ಗೆ ಕನ್ನಡಕವಿಲ್ಲದೆ ಡಬ್ಬಿಗೆ ಬೆರಳು ಹಾಕಿದವರು ಅಲ್ಲೇ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಬಹಳ ಸಮಾಧಾನದಿಂದ ನನ್ನನ್ನು ಕರೆದು, "ನನ್ನ ಹಲ್ಲು ಈಜ್ತಾ ಇದೆ, ಸ್ವಲ್ಪ ಹಿಡಿದು ಕೊಡಮ್ಮ" ಎಂದರು. ವಯಸ್ಸಾದ ಮೇಲೆ ಏನೇನೋ ಆಗುತ್ತೆ ಎಂದು ಅವರು ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದರಂತೆ. ಇನ್ನೊಂದು ಸಲ ಹಳೇ ನೀರೆಂದು ಎರಡು ಡಬ್ಬಿಯನ್ನು ಬಚ್ಚಲಿಗೆ ಸುರಿದೂಬಿಟ್ಟರು. ಚಿಕ್ಕಮ್ಮ ಅವರ ಜೊತೆ ಎರಡು ದಿನ ಮಾತು ಬಿಟ್ಟಳು. ಅಜ್ಜನಿಗೆ ಅದು ಶಿಕ್ಷೆಯೋ ಬಹುಮಾನವೋ ಎಂದು ನಾನು ಕೇಳಲಿಲ್ಲ.

ಮರಿಗಳಿಗೆ ಸತ್ತ ಆಹಾರ ಇಳಿಯುವುದಿಲ್ಲ, ಜೀವಂತ ಹುಳು ಬೇಕು. ಸೊಳ್ಳೆ ಮರಿ ಆದರೆ ಬಹಳ ಒಳ್ಳೆಯದು. ಚಿಕ್ಕಮ್ಮ ಮಹಡಿಯ ಮೇಲೆ, ನನ್ನ ಮಲಗುವ ಕೋಣೆಯ ಕಿಟಕಿಯ ಸರಿಯಾಗಿ ಕೆಳಗೆ, ಒಂದು ಬಕೆಟ್ ನೀರು ತೆರೆದಿಟ್ಟು ಸೊಳ್ಳೆ ಸಾಕಾಣಿಕೆ ಶುರು ಮಾಡಿದಳು. ಅವಳ ಜನ್ಮದಲ್ಲೇ ಇಷ್ಟು ಚೆನ್ನಾಗಿ ಕೈಹತ್ತಿದ ಕೆಲಸ ಇನ್ನೊಂದಿಲ್ಲ. ನಾನು ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಪರದೆಯೊಳಗೆ ಕೂತು, ಹೊರಗೆ ಗುಂಯ್‌ಗುಡುವ ಚಿಕ್ಕಮ್ಮನ ಯಶಸ್ಸನ್ನು ಕೇಳುತ್ತಾ ಹಲ್ಲು ಕಡಿಯುತ್ತಿದ್ದೆ. ಅಷ್ಟು ಸೊಳ್ಳೆ ಸಾಕಿದ್ದೀನಲ್ಲ, ಅದು ಜೀವ ಅಲ್ಲವಾ ಎಂದು ಅವಳು ಅಮ್ಮನ ಹತ್ತಿರ ವಾದವನ್ನೂ ಹೂಡಿದಳು. ಸೊಳ್ಳೆ ಲೆಕ್ಕಕ್ಕಿಲ್ಲ ಎಂದು ಅಮ್ಮ ತಳ್ಳಿಹಾಕಿದಳು.

ಬೀದಿಯವರು ಯಾರೋ ದೂರು ಕೊಟ್ಟಿರಬೇಕು. ಒಂದು ದಿನ ಸೊಳ್ಳೆ ತಪಾಸಣೆಯವರು ಬಂದರು, ಒಬ್ಬ ತೆಳ್ಳಗಿನ ಮನುಷ್ಯ, ಕೈಯಲ್ಲಿ ಟಾರ್ಚು. ನೇರವಾಗಿ ಮಹಡಿಗೆ ಹತ್ತಿ ಬಕೆಟ್ಟಿಗೆ ಟಾರ್ಚು ಬಿಟ್ಟರು. ಇಷ್ಟು ವರ್ಷದ ಕೆಲಸದಲ್ಲಿ ಇಂಥದ್ದನ್ನು ಅವರು ನೋಡಿರಲಿಲ್ಲ ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಬಕೆಟ್ಟು ಮಗುಚಲು ಕೈ ಹಾಕಿದ್ದೇ ತಡ, ಚಿಕ್ಕಮ್ಮ ಅಡ್ಡ ನಿಂತು, ದಮ್ಮಯ್ಯ ಚೆಲ್ಲಬೇಡಿ, ಇದು ನಮ್ಮ ಮನೆ ಮಕ್ಕಳ ಊಟ ಎಂದಳು. ಆ ಮನುಷ್ಯ ಬಕೆಟ್ಟು ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಹೊಟ್ಟೆ ನೋಡಿದರು. ಮತ್ತೆ ಬಕೆಟ್ಟು ನೋಡಿದರು. ನಾನು ಏನಾದರೂ ಹೇಳಬಹುದಿತ್ತು, ಆದರೆ ಬಸ್ ನಿಲ್ದಾಣದ ಕಿಟಕಿಯಲ್ಲಿ ಅಷ್ಟು ವಿವರಣೆ ಕೊಟ್ಟು ಬಂದವಳಿಗೆ ಮನೆಯಲ್ಲೂ ವಿವರಣೆ ಕೊಡುವ ಶಕ್ತಿ ಇರಲಿಲ್ಲ. ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದಾರಾ ಎಂದು ಅವರು ಮೆಲ್ಲಗೆ ಕೇಳಿದರು. ಕೊನೆಗೆ ಅಮ್ಮ ನರ್ಸಿನ ಸಮವಸ್ತ್ರದಲ್ಲೇ ಹತ್ತಿ ಬಂದು, ಬಕೆಟ್ಟಿಗೆ ಬಿಗಿಯಾಗಿ ಬಲೆ ಕಟ್ಟಿಸುವ ಶರತ್ತಿನ ಮೇಲೆ ಅವರನ್ನು ಸಾಗಹಾಕಿದಳು.

ಅಮ್ಮ ಯಾಕೆ ಅಡ್ಡ ಬಂದಳು ಎಂದು ನನಗೆ ಆಶ್ಚರ್ಯವಾಗಿತ್ತು. ಬಕೆಟ್ಟು ಚೆಲ್ಲಿದ್ದರೆ ಪಂದ್ಯ ಅವಳದ್ದೇ ಆಗುತ್ತಿತ್ತಲ್ಲ. ಆಮೇಲೆ ಗಮನಿಸಿದೆ, ಅಮ್ಮ ಡ್ಯೂಟಿಯಿಂದ ಬಂದವಳೇ ಚೀಲ ಇಳಿಸುವ ಮೊದಲು ಡಬ್ಬಿಗಳ ಮುಂದೆ ಒಂದು ಸುತ್ತು ಹಾಕುತ್ತಿದ್ದಳು. ಒಂದೊಂದರ ಮುಂದೆಯೂ ಒಂದು ಕ್ಷಣ ನಿಲ್ಲುವುದು, ಹೊಟ್ಟೆ ತುಂಬಿದೆಯಾ ನೋಡುವುದು, ಮುಂದಕ್ಕೆ ಹೋಗುವುದು. ವಾರ್ಡಿನಲ್ಲೂ ಅವಳು ಹೀಗೇ ಸುತ್ತುತ್ತಾಳಂತೆ. ಚಿಕ್ಕಮ್ಮ ಎದುರಿಗೆ ಬಂದರೆ ಮಾತ್ರ ಟಿವಿಯ ಧೂಳು ಒರೆಸುವವಳ ಹಾಗೆ ಸೆರಗು ಎತ್ತಿಕೊಳ್ಳುತ್ತಿದ್ದಳು.

ಬೇಸಿಗೆ ಜೋರಾಯಿತು. ನ್ಯೂಟ್ ತಣ್ಣಗಿನ ನೀರಿನ ಪ್ರಾಣಿ, ನೀರು ಬಿಸಿಯಾದ ಹಾಗೆಲ್ಲ ಮರಿಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಚಿಕ್ಕಮ್ಮ ಕ್ಲಿನಿಕ್ಕಿನ ಫ್ರಿಜ್ಜಿನಿಂದ ಐಸ್ ಹೊತ್ತು ತಂದು ತಟ್ಟೆಗೆ ಹಾಕಿ, ಅದರಲ್ಲಿ ಡಬ್ಬಿಗಳನ್ನು ಕೂರಿಸಿದಳು. ಆ ಐಸು ಹಲ್ಲು ಕೀಳಿಸಿಕೊಂಡವರ ಕೆನ್ನೆಗೆ ಒತ್ತಲು ಇಟ್ಟದ್ದು. ಆ ವಾರ ಊರಿನಲ್ಲಿ ಊದಿದ ಕೆನ್ನೆಗಳು ಬಹಳ ಕಂಡವು ಎಂದು ನನ್ನ ಗಂಡ ಹೇಳಿದರು. ಡಾಕ್ಟರು ಕರೆದು ಕೇಳಿದ್ದಕ್ಕೆ ಚಿಕ್ಕಮ್ಮ, ಇವು ನಿಮ್ಮ ತೊಟ್ಟಿಯ ಮೊಮ್ಮಕ್ಕಳು, ನಿಮಗೂ ಜವಾಬ್ದಾರಿ ಇಲ್ಲವಾ ಎಂದಳಂತೆ. ಅವರು ಇನ್ನೊಂದು ಟ್ರೇ ಐಸ್ ಇಟ್ಟುಕೊಳ್ಳಲು ಒಪ್ಪಿದರು. ಆದರೂ ಒಂದೊಂದು ಬೆಳಗ್ಗೆ ಒಂದೊಂದು ಡಬ್ಬಿ ಖಾಲಿಯಾಗುತ್ತಾ ಹೋಯಿತು. ಖಾಲಿಯಾದ ಡಬ್ಬಿಯನ್ನು ಅವಳು ತೊಳೆದು ಬೋರಲು ಹಾಕುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಒಂದೇ ಒಂದು ಮರಿ ಉಳಿಯಿತು.

ಅದರ ಹೆಸರು ಮುಕ್ಕಾಲು. ಚಿಕ್ಕದಿರುವಾಗ ಅಣ್ಣತಮ್ಮಂದಿರ ಊಟದಲ್ಲಿ ಒಂದು ಕಾಲು ಹೋಗಿ ಮೂರೇ ಉಳಿದಿದ್ದಕ್ಕೆ ಅಜ್ಜ ಇಟ್ಟ ಹೆಸರು. ಕಾಲೇನೋ ಮತ್ತೆ ಚಿಗುರಿ ಬಂತು, ಹೆಸರು ಹಾಗೇ ನಿಂತಿತು. ಈಗ ಅದು ಬೆರಳುದ್ದ ಬೆಳೆದು, ಹೊಟ್ಟೆಯಲ್ಲಿ ಕಿತ್ತಳೆ ಬಣ್ಣ ಮೂಡಿಸಿಕೊಂಡಿತ್ತು. ಗರಿಯ ಹಾಗೆ ಅರಳಿದ್ದ ಕಿವಿರು ಮುದುಡಿ ಮುದುಡಿ, ಹಳೇ ಬ್ರಷ್ಷಿನ ಕೂದಲಿನಂತೆ ಮೊಂಡಾಗಿತ್ತು. ಅಂಗಡಿಯವನು ಹೇಳಿದ ಹೊತ್ತು ಬಂತೆಂದು ಚಿಕ್ಕಮ್ಮ ಅದನ್ನು ದೊಡ್ಡದೊಂದು ಟ್ರೇಗೆ ಬಿಟ್ಟು, ಒಂದು ಪಕ್ಕ ಎತ್ತರಿಸಿ, ಅಲ್ಲಿ ಒದ್ದೆ ಸ್ಪಂಜು ಇಟ್ಟು ನೆಲ ಮಾಡಿಕೊಟ್ಟಳು. ಡಾಕ್ಟರ ಹತ್ತಿರ ರಜೆ ಕೇಳಿದಳು. ಆ ವಾರ ರೋಗಿಗಳು ತುಂಬಿದ್ದಾರೆ, ಆಗುವುದಿಲ್ಲ ಎಂದರು. ಹೋಗುವಾಗ ನಮಗೆಲ್ಲ ಕಿವಿ ಹಿಂಡಿದಷ್ಟು ಬಿಗಿಯಾಗಿ ಹೇಳಿ ಹೋದಳು, ಹತ್ತಲಿ ಬಿಡಲಿ, ಯಾರೂ ಮುಟ್ಟಬೇಡಿ.

ಆ ದಿನ ಅಮ್ಮ ಬೆಳಗಿನ ಡ್ಯೂಟಿ ಮುಗಿಸಿ ಬಂದು ಎಂದಿನಂತೆ ಸುತ್ತು ಹಾಕಿದಳು. ಸುತ್ತಲು ಈಗ ಒಂದೇ ಟ್ರೇ. ಮುಕ್ಕಾಲು ನೀರು ಬಿಟ್ಟು ಸ್ಪಂಜಿನ ಮೇಲೆ ಕೂತಿತ್ತು. ಮೈ ಬಣ್ಣ ಮಾಸಿತ್ತು, ಅಲುಗಾಡುತ್ತಿರಲಿಲ್ಲ, ಹುಳು ಹಾಕಿದರೂ ಬಾಯಿ ಹಾಕಲಿಲ್ಲ. ನೆಲ ಹತ್ತುವ ಹೊತ್ತಿನಲ್ಲಿ ಅದು ಹಾಗೇ ಇರುತ್ತದಂತೆ, ಆದರೆ ಅಮ್ಮನ ಕಣ್ಣಿಗೆ ಬಿದ್ದದ್ದು ಹಾಲು ಕುಡಿಯದೆ ತಣ್ಣಗಾಗುತ್ತಿರುವ ಕೂಸು. ಇದು ಜಾರಿ ಹೊರಗೆ ಬಿದ್ದಿದೆ ಎಂದು ಎರಡೇ ಬೆರಳಿನಲ್ಲಿ ಎತ್ತಿ ನೀರಿಗೆ ಬಿಟ್ಟಳು. ಅದು ಒದ್ದಾಡಿಕೊಂಡು ಹತ್ತಿತು. ಅಮ್ಮ ಮತ್ತೆ ಬಿಟ್ಟಳು. ಮತ್ತೆ ಹತ್ತಿತು. ಚಿಕ್ಕಮ್ಮ ಮುಟ್ಟಬೇಡಿ ಅಂದಿದ್ದಾಳೆ ಎಂದು ನಾನು ಕುರ್ಚಿಯಿಂದಲೇ ಹೇಳಿದೆ. ಕೂಸು ನೋಡಿಕೊಳ್ಳುವುದು ನನಗೆ ನೀನು ಕಲಿಸಬೇಡ ಎಂದಳು ಅಮ್ಮ. ವಾರ್ಡಿನಲ್ಲಿ ತೊಟ್ಟಿಲು ಬಿಟ್ಟು ಜಾರುವ ಮಕ್ಕಳಿಗೆ ಅಂಚಿನ ತನಕ ಹೊದಿಕೆ ಸಿಕ್ಕಿಸುವುದು ಅವಳ ಪದ್ಧತಿ. ಹಾಗೇ ಇಲ್ಲೂ, ಒಂದು ಹಲ್ಲುಸೆಟ್ಟಿನ ಡಬ್ಬಿ ತಂದು, ಅಂಚಿನ ತನಕ ನೀರು ತುಂಬಿ, ಮುಕ್ಕಾಲನ್ನು ಅದರೊಳಗೆ ಇಳಿಸಿ, ಮುಚ್ಚಳ ಒತ್ತಿ, ಈಗ ಹಾಯಾಗಿ ಮಲಗುತ್ತೆ ಎಂದು ಕೈ ತೊಳೆದುಕೊಂಡಳು.

ಅಷ್ಟರಲ್ಲಿ ಚಿಕ್ಕಮ್ಮನ ಫೋನು ಬಂತು. ಅವಳು ಆ ದಿನ ಮಧ್ಯಾಹ್ನದಿಂದ ಎಷ್ಟು ಸಲ ಮಾಡಿದ್ದಳೋ, ನನಗೆ ಎತ್ತಿ ಎತ್ತಿ ಸಾಕಾಗಿತ್ತು. ಮುಕ್ಕಾಲು ಏನು ಮಾಡ್ತಿದೆ ಎಂದಳು. ಅಮ್ಮ ಡಬ್ಬಿಯಲ್ಲಿ ಹಾಕಿ ಮುಚ್ಚಿದ್ದಾಳೆ ಎಂದೆ. ಆ ಕಡೆ ಏನೋ ಬಿದ್ದ ಸದ್ದು, ಆಮೇಲೆ ಯಾರೋ ರೋಗಿ ಬಾಯಿ ತೆರೆದುಕೊಂಡೇ ಆ ಆ ಎಂದು ಏನೋ ಕೇಳುವ ಸದ್ದು, ಅಷ್ಟೇ. ನಾನು ಎದ್ದು ಮೇಜಿನ ತನಕ ಹೋಗುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಎರಡು ಕಡೆ ನಿಲ್ಲಬೇಕಾಯಿತು. ಆ ಡಬ್ಬಿಯ ಮುಚ್ಚಳ ಬಹಳ ಬಿಗಿ, ಮುದುಕರ ಹಲ್ಲು ಚೆಲ್ಲಬಾರದೆಂದು ಹಾಗೆ ಮಾಡಿರುತ್ತಾರೆ. ನಾನು ಅದರ ಜೊತೆ ಗುದ್ದಾಡುತ್ತಿರುವಾಗಲೇ ಚಿಕ್ಕಮ್ಮ ಒಳಗೆ ಬಂದಳು, ಕತ್ತಿನಲ್ಲಿ ಇನ್ನೂ ಕ್ಲಿನಿಕ್ಕಿನ ಮುಖಗವಸು ನೇತಾಡುತ್ತಿತ್ತು, ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಎರಡು ಬೀದಿ ಓಡಿ ಬಂದಿದ್ದಳು. ಡಬ್ಬಿ ಕಿತ್ತುಕೊಂಡು ಹಲ್ಲಿನಿಂದ ಮುಚ್ಚಳ ಎಬ್ಬಿಸಿದಳು.

ಮುಕ್ಕಾಲು ಮಗ್ಗುಲಾಗಿ ತೇಲುತ್ತಿತ್ತು. ಅಂಗೈಗೆ ಹಾಕಿಕೊಂಡರೆ ಒದ್ದೆ ನೂಲಿನ ಹಾಗೆ ಜೋತುಬಿತ್ತು.   ಚಿಕ್ಕಮ್ಮ ಕಿವಿರು ಇದ್ದ ಜಾಗ ತೋರಿಸಿ, ಇಲ್ಲಿ ಏನೂ ಉಳಿದಿಲ್ಲ ಅಕ್ಕ, ಇದಕ್ಕೆ ಗಾಳಿ ಬೇಕಿತ್ತು ಎಂದು ಮೆಲ್ಲಗೆ ಹೇಳಿದಳು. ಅಮ್ಮ ಬಗ್ಗಿ ನೋಡಿದಳು. ಅವಳ ಮುಖದ ಬಣ್ಣ ಹೋಗಿದ್ದು ನಾನು ಕಂಡೆ. ಆದರೆ ನರ್ಸಿನ ಕೈ ಮನಸ್ಸಿಗಾಗಿ ಕಾಯುವುದಿಲ್ಲ. ಚಿಕ್ಕಮ್ಮನ ಅಂಗೈಯಿಂದ ಅದನ್ನು ತಲೆಕೆಳಗಾಗಿ ತೆಗೆದುಕೊಂಡು, ಬಾಯಿಯಿಂದ ಹನಿ ನೀರು ಇಳಿಯುವ ಹಾಗೆ ಹಿಡಿದು, ಹುಟ್ಟಿ ಅಳದ ಕೂಸಿಗೆ ಉಜ್ಜುವ ಹಾಗೆ ಕಿರುಬೆರಳಿನ ತುದಿಯಿಂದ ಬೆನ್ನು ಉಜ್ಜತೊಡಗಿದಳು. ಉಜ್ಜಿದಳು, ನೋಡಿದಳು, ಮತ್ತೆ ಉಜ್ಜಿದಳು. ಅಜ್ಜ ಟಿವಿಯ ಸದ್ದು ನಿಲ್ಲಿಸಿ ಬಂದು ನಿಂತರು. ಅಷ್ಟು ಜನ ದೊಡ್ಡವರು ಒಂದು ಬೆರಳುದ್ದದ ಪ್ರಾಣಿಯ ಸುತ್ತ ಉಸಿರು ಹಿಡಿದು ನಿಂತಿದ್ದೆವು, ಉಸಿರು ಬೇಕಾಗಿದ್ದ ಅದೊಂದನ್ನು ಬಿಟ್ಟು ಬೇರೆಲ್ಲರಿಗೂ ಉಸಿರು ಮರೆತುಹೋಗಿತ್ತು.

ಆಮೇಲೆ ಅದರ ಗಂಟಲ ಕೆಳಗಿನ ಚರ್ಮ ಒಂದು ಸಲ ಅಲುಗಿತು. ಸ್ವಲ್ಪ ತಡೆದು ಇನ್ನೊಂದು ಸಲ. ಅಮ್ಮ ಅದನ್ನು ಒದ್ದೆ ಸ್ಪಂಜಿನ ಮೇಲೆ ಇಟ್ಟಳು. ಮುಕ್ಕಾಲು ತನ್ನ ನಾಲ್ಕೂ ಕಾಲನ್ನು ಒಂದೊಂದಾಗಿ ಹೊಟ್ಟೆಯ ಕೆಳಗೆ ಎಳೆದುಕೊಂಡು, ತಲೆ ಎತ್ತಿ, ನಮ್ಮ ಕಡೆ ಬೆನ್ನು ಹಾಕಿ ಕೂತಿತು. ಅದರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಹತ್ತಿತಲ್ಲ, ಚಿಕ್ಕಮ್ಮ ಗೆದ್ದಳಲ್ಲ ಎಂದು ಅಜ್ಜ ಚಪ್ಪಾಳೆ ತಟ್ಟಿದರು. ಯಾರೂ ಜೊತೆಗೂಡಲಿಲ್ಲ. ಚಿಕ್ಕಮ್ಮ ಕುರ್ಚಿಯಲ್ಲಿ ಕೂತು, ಚಪ್ಪಲಿ ಇಲ್ಲದ ಕಾಲನ್ನು ನೋಡುತ್ತಾ ಹೇಳಿದಳು.

"ನಂಗೆ ಮಗು ಬೇಡ ಕಣೇ. ನಾನು ಬಿಟ್ಟು ಹೋದೆ. ಮಗುನೂ ಹೀಗೇ ಬಿಟ್ಟು ಹೋದ್ರೆ?"

ನಾನು ಏನೇನೋ ಸಮಾಧಾನ ಹೇಳಿದೆ. ಪಂದ್ಯ ಪಂದ್ಯವೇ ಎಂದೆ, ತಪ್ಪು ನಿನ್ನದಲ್ಲ ಎಂದೆ. ಹಾಗೆಂದಾಗ ಅಮ್ಮ ಎದ್ದು ಅಡುಗೆಮನೆಗೆ ಹೋಗಿ ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಅಮ್ಮನ ಬಾಯಿಂದ ತಪ್ಪಾಯಿತು ಎಂಬ ಮಾತು ಈ ಜನ್ಮದಲ್ಲಿ ಬಂದದ್ದಿಲ್ಲ, ಬರುವುದೂ ಇಲ್ಲ. ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು. ಚಿಕ್ಕಮ್ಮ ಮಾತ್ರ ಅವಳ ಮೇಲೆ ಒಂದು ಮಾತೂ ಆಡಲಿಲ್ಲ. ಅವಳು ಹೆಣೆಯುವುದನ್ನು ನಿಲ್ಲಿಸಿದಳು. ಬೆಳಗಿನ ಹೊತ್ತೂ ಕ್ಲಿನಿಕ್ಕಿಗೆ ಬರಲೇ ಎಂದು ಡಾಕ್ಟರನ್ನು ಕೇಳಿದ್ದಾಳೆಂದು ತಿಳಿಯಿತು. ನಾನು ಶಿಶುವಿಹಾರಕ್ಕೆ ಹೆಸರು ಕೊಟ್ಟು, ಆ ಪಾಟಿಗಳ ಸಾಲನ್ನು ಇನ್ನೊಮ್ಮೆ ನೋಡಿ ಬಂದೆ. ಮುಕ್ಕಾಲು ಗಾಜಿನ ಪೆಟ್ಟಿಗೆಯಲ್ಲಿ ಒದ್ದೆ ಪಾಚಿಯ ಕೆಳಗೆ ಮನೆ ಮಾಡಿಕೊಂಡು, ಸಣ್ಣ ಎರೆಹುಳು ತಿನ್ನಲು ಕಲಿತು, ದಿನೇ ದಿನೇ ಕೊಬ್ಬುತ್ತಿತ್ತು.

ಹೆರಿಗೆ ಅಮ್ಮನ ಆಸ್ಪತ್ರೆಯಲ್ಲೇ ಆಯಿತು, ಹೆಣ್ಣುಮಗು. ಮುಂದಿನದ್ದನ್ನು ನಾನು ಕಂಡಿಲ್ಲ, ಒಳಗೆ ಮಲಗಿದ್ದೆ. ನನ್ನ ಗಂಡ ಹೇಳಿದ್ದು. ಅಮ್ಮ ಸಮವಸ್ತ್ರದಲ್ಲೇ, ಸುತ್ತಿದ ಮಗುವನ್ನು ಎತ್ತಿಕೊಂಡು, ಭುಜದಿಂದ ಬಾಗಿಲು ತಳ್ಳಿ ಹೊರಗೆ ಬಂದಳಂತೆ. ಇವರು ಮೊಣಕೈ ತನಕ ತೊಳೆದು ತೋಳು ಚಾಚಿ ನಿಂತಿದ್ದರು. ಅಜ್ಜ ಬೆಂಚಿನಿಂದ ಎದ್ದಿದ್ದರು. ಚಿಕ್ಕಮ್ಮ ಕಾರಿಡಾರಿನ ಆ ತುದಿಯಲ್ಲಿ, ಕುಡಿಯುವ ನೀರಿನ ನಲ್ಲಿಯ ಪಕ್ಕ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಮ್ಮ ಅಳಿಯನನ್ನು ದಾಟಿದಳು, ತನ್ನ ಅಪ್ಪನನ್ನೂ ದಾಟಿದಳು, ಉದ್ದಕ್ಕೆ ನಡೆದುಹೋಗಿ ತಂಗಿಯ ಎದುರು ನಿಂತಳು.

"ಕೈ ನೋಯ್ತಿದೆ. ಸ್ವಲ್ಪ ಹಿಡ್ಕೋ."

ಚಿಕ್ಕಮ್ಮ ಹಿಂದಕ್ಕೆ ಸರಿದು, ಬೇಡ ಅಕ್ಕ, ದಿಂಬಾದರೂ ತರಲಿ ಎಂದಳಂತೆ. ದಿಂಬು ಬೇಡ, ನೋಯ್ತಿದೆ ಅಂದೆನಲ್ಲ ಎಂದು ಅಮ್ಮ ಗದರಿ, ಅವಳ ತೋಳು ಬಿಡಿಸಿ ಮಗುವನ್ನು ಇಟ್ಟು, ತಾನು ಒಂದು ಹೆಜ್ಜೆ ಹಿಂದೆ ಹೋಗಿ, ಆ ಎರಡು ಕೈಗಳನ್ನು ಎಲ್ಲಿಡುವುದೆಂದು ಗೊತ್ತಾಗದೆ ಕೋಟಿನ ಜೇಬಿಗೆ ಹಾಕಿಕೊಂಡಳಂತೆ. ಅಷ್ಟು ವರ್ಷ ಅಷ್ಟು ಸಾವಿರ ಮಕ್ಕಳನ್ನು ಎತ್ತಿದ ಕೈ, ಒಂದು ದಿನವೂ ನೋವು ಅಂದದ್ದು ನಾವು ಯಾರೂ ಕೇಳಿರಲಿಲ್ಲ.

ಆ ನೋವು ಆಮೇಲೂ ವಾಸಿಯಾಗಲಿಲ್ಲ. ರಜೆ ಮುಗಿದು ನಾನು ಕೆಲಸಕ್ಕೆ ಹೊರಟ ಮೊದಲ ಬೆಳಗ್ಗೆ ಅಮ್ಮನಿಗೆ ವಾರದ ರಜೆಯಿತ್ತು, ಮನೆಯಲ್ಲೇ ಇದ್ದಳು. ಚಿಕ್ಕಮ್ಮ ಬಾಗಿಲ ಮರೆಯಲ್ಲಿ ಟವೆಲ್ ಹಿಡಿದು ನಿಂತಿದ್ದಳು, ಹತ್ತಿರ ಬರಲು ಧೈರ್ಯವಿಲ್ಲ. ನಾನು ಮಗುವನ್ನು ಅಮ್ಮನ ಕಡೆ ಚಾಚಿದೆ. ಅಮ್ಮ ತನ್ನ ಕೈಯೆರಡನ್ನೂ ಸೆರಗಿನೊಳಗೆ ಎಳೆದುಕೊಂಡು, ಇನ್ನೂ ನೋಯ್ತಿದೆ, ಅವಳಿಗೆ ಕೊಡು ಎಂದಳು.